ಒಂದೇ ರಕ್ತ, ಎರಡು ಅಂಕೆ: ಹಸುಗೂಸಿನ ರಕ್ತದಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವ ಬಗೆ



ಕೆಲವು ವರ್ಷಗಳ ಹಿಂದಿನ ಮಾತು. ಸೆಪ್ಟೆಂಬರ್ 8ರ ಹಬ್ಬಕ್ಕೆಂದು ನಾವು ಹರಿಹರದ ಆರೋಗ್ಯ ಮಾತೆಯ ಪುಣ್ಯಕ್ಷೇತ್ರಕ್ಕೆ ಹೋಗಿದ್ದೆವು. ಮರುದಿನ ಪಕ್ಕದ ದಾವಣಗೆರೆಯ ಕೆ.ಬಿ. ಬಡಾವಣೆಯ ಒಂದು ಮನೆಗೆ ಭೇಟಿ ನೀಡಬೇಕಾಗಿ ಬಂತು. ನಮ್ಮ ಕರಾವಳಿಯ ಯುವಕನೊಬ್ಬನ ಪತ್ನಿಯ ತವರುಮನೆ ಅದು. ಚೊಚ್ಚಲ ಹೆರಿಗೆಗೆ ಬಂದಿದ್ದ ಆಕೆಗೆ ಗಂಡುಮಗು ಹುಟ್ಟಿ ವಾರವೂ ಆಗಿರಲಿಲ್ಲ. ತೊಟ್ಟಿಲ ಸಂಭ್ರಮ ಇರಬೇಕಾದ ಮನೆಯಲ್ಲಿ ಯಾರೂ ಯಾರೊಡನೆಯೂ ಮಾತನಾಡುತ್ತಿರಲಿಲ್ಲ.

ಮಗುವನ್ನು ಆಸ್ಪತ್ರೆಯಿಂದ ಮನೆಗೆ ತಂದ ಮೊದಲ ರಾತ್ರಿ ಅಜ್ಜಿ, ಬಾಣಂತಿಯ ಮಂಚದ ಕೆಳಗೆ ಅಗ್ಗಿಷ್ಟಿಕೆಯಲ್ಲಿ ಇದ್ದಿಲ ಕೆಂಡ ಇಟ್ಟಿದ್ದರು. ಬೆಳಗಾಗುವಾಗ ಕೂಸಿನ ಮುಖ, ಎದೆ ಹಳದಿಯಾಗಿ ಕಂಡಿತು. ಕೂಡಲೇ ಆಸ್ಪತ್ರೆಗೆ ಸೇರಿಸಿದರು. ಅಲ್ಲಿ ತೆಗೆದ ರಕ್ತದ ವರದಿಯಲ್ಲಿ ಹತ್ತಾರು ಸಾಲುಗಳಿದ್ದವು. ಅದರಲ್ಲಿ ಒಂದು ಸಾಲು ಕಾರ್ಬಾಕ್ಸಿಹಿಮೋಗ್ಲೋಬಿನ್. ಅದರ ಮುಂದೆ ಶೇಕಡಾ 4.6 ಎಂದಿತ್ತು. ಅಳಿಯ ಆ ಪದವನ್ನು ಮೊಬೈಲಿನಲ್ಲಿ ಹುಡುಕಿದ. ವಿಷಾನಿಲ, ಇದ್ದಿಲ ಹೊಗೆ, ಸಾವು ಎಂಬ ಮಾತುಗಳೇ ಕಣ್ಣಿಗೆ ಬಿದ್ದವು. ಅತ್ತೆಯ ಮೇಲೆ ಸಿಡಿದೆದ್ದ. ಅಂದಿನಿಂದ ಅಜ್ಜಿ ಆಸ್ಪತ್ರೆಯ ಕಡೆ ಹೋಗುವುದನ್ನೇ ಬಿಟ್ಟು ಅಡುಗೆಮನೆಯ ಮೂಲೆ ಹಿಡಿದಿದ್ದರು.

"ನಾನೇನ್ ತಪ್ಪು ಮಾಡಿದೆ ಫಾದರ್? ಕೂಸು ಬೆಚ್ಚಗಿರ್ಲಿ ಅಂತ ಕೆಂಡ ಇಟ್ಟೆ. ನಮ್ಮವ್ವನೂ ಹಂಗೇ ಇಡ್ತಿದ್ಲು," ಎಂದು ನಮ್ಮೆದುರು ಕಣ್ಣೀರು ಒರೆಸಿಕೊಂಡರು.

ಆಸ್ಪತ್ರೆಯ ಮಕ್ಕಳ ವೈದ್ಯೆಗೆ ಆ ಅಂಕೆಯ ಮೇಲೆ ಸಂಶಯವಿತ್ತು. ಅದೇ ಮಾದರಿಯಲ್ಲಿ ಉಳಿದಿದ್ದ ರಕ್ತವನ್ನು, ನವಜಾತ ಶಿಶುಗಳ ರಕ್ತಕ್ಕೆಂದು ಸರಿಪಡಿಸಿಟ್ಟಿದ್ದ ಇನ್ನೊಂದು ಯಂತ್ರದಲ್ಲಿ ಪರೀಕ್ಷಿಸಿಸಿದರು. ಬಂದದ್ದು ಶೇಕಡಾ 1.9. ಮಗು ಅದೇ, ರಕ್ತ ಅದೇ, ಆದರೆ ಅಂಕೆ ಅರ್ಧಕ್ಕಿಂತ ಕಡಿಮೆ. ಇದು ಹೇಗೆ ಸಾಧ್ಯ? ಅಂದು ಆ ವೈದ್ಯೆ ನಮಗೆ ಹೇಳಿದ್ದನ್ನು, ನಂತರ ನಾವು ಓದಿ ತಿಳಿದದ್ದನ್ನು ಸೇರಿಸಿ ಇಲ್ಲಿ ವಿವರಿಸುತ್ತಿದ್ದೇವೆ. ಮನೆಭೇಟಿಗೆ ಹೋಗುವ ಧರ್ಮಭಗಿನಿಯರಿಗೂ ವಾರ್ಡಿನ ಗುರಿಕಾರರಿಗೂ ಇದು ಉಪಯೋಗಕ್ಕೆ ಬರುವುದೆಂಬ ನಂಬಿಕೆ ನಮ್ಮದು.

ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂದರೇನು?

ರಕ್ತದ ಕೆಂಪು ಕಣಗಳಲ್ಲಿರುವ ಹಿಮೋಗ್ಲೋಬಿನ್‌ನ ಕೆಲಸ ನಮ್ಮ ಊರಿನ ಬಸ್ಸಿನ ಕೆಲಸದಂತೆ. ಶ್ವಾಸಕೋಶದಲ್ಲಿ ಆಮ್ಲಜನಕವನ್ನು ಹತ್ತಿಸಿಕೊಳ್ಳುತ್ತದೆ, ಮೆದುಳು, ಹೃದಯ, ಸ್ನಾಯುಗಳಲ್ಲಿ ಇಳಿಸುತ್ತದೆ. ಕಾರ್ಬನ್ ಮೊನಾಕ್ಸೈಡ್ ಎಂಬ ಅನಿಲವೂ ಇದೇ ಬಸ್ಸನ್ನು ಹತ್ತುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ಹಿಮೋಗ್ಲೋಬಿನ್‌ಗೆ ಅಂಟಿಕೊಳ್ಳುವ ಅದರ ಬಲ ಆಮ್ಲಜನಕದ ಬಲಕ್ಕಿಂತ 200 ಪಟ್ಟಿಗೂ ಹೆಚ್ಚು. ಒಮ್ಮೆ ಸೀಟು ಹಿಡಿದರೆ ಸುಲಭವಾಗಿ ಇಳಿಯದು. ಉಳಿದ ಸೀಟುಗಳಲ್ಲಿರುವ ಆಮ್ಲಜನಕವನ್ನೂ ನಿಲ್ದಾಣದಲ್ಲಿ ಸಲೀಸಾಗಿ ಇಳಿಯಲು ಬಿಡದು.

ಹೀಗೆ ಕಾರ್ಬನ್ ಮೊನಾಕ್ಸೈಡ್ ಹಿಡಿದಿರುವ ಹಿಮೋಗ್ಲೋಬಿನ್‌ಗೆ ಕಾರ್ಬಾಕ್ಸಿಹಿಮೋಗ್ಲೋಬಿನ್ ಎಂದು ಹೆಸರು. ನೂರು ಸೀಟುಗಳಲ್ಲಿ ಎಷ್ಟನ್ನು ಅದು ಹಿಡಿದಿದೆ ಎಂಬುದನ್ನೇ ವರದಿಯಲ್ಲಿ ಶೇಕಡಾ ಲೆಕ್ಕದಲ್ಲಿ ಬರೆಯುತ್ತಾರೆ. ಹೊಗೆಯ ಸೋಂಕಿಲ್ಲದ ಆರೋಗ್ಯವಂತ ಹಸುಗೂಸಿನಲ್ಲಿ ಇದು ಸಾಮಾನ್ಯವಾಗಿ ಶೇಕಡಾ 1ರ ಆಸುಪಾಸಿನಲ್ಲಿ ಅಥವಾ ಅದಕ್ಕಿಂತ ಕಡಿಮೆ ಇರುತ್ತದೆ. ಸೊನ್ನೆ ಮಾತ್ರ ಇರುವುದಿಲ್ಲ. ಯಾಕೆಂದರೆ ಈ ಅನಿಲಕ್ಕೆ ಎರಡು ಮೂಲಗಳಿವೆ.

ಹೊರಗಿನ ಹೊಗೆ, ಒಳಗಿನ ಹೊಗೆ

ಮೊದಲ ಮೂಲ ನಮಗೆಲ್ಲ ಗೊತ್ತಿರುವುದೇ. ಸೌದೆ, ಇದ್ದಿಲು, ಬೆರಣಿ, ಸೀಮೆಎಣ್ಣೆ, ಪೆಟ್ರೋಲು, ಅಡುಗೆ ಅನಿಲ, ಬೀಡಿ, ಸಿಗರೇಟು ಯಾವುದೇ ಇರಲಿ, ಗಾಳಿ ಸಾಲದೆ ಅರ್ಧಂಬರ್ಧ ಉರಿದಾಗ ಕಾರ್ಬನ್ ಮೊನಾಕ್ಸೈಡ್ ಹುಟ್ಟುತ್ತದೆ. ಇದ್ದಿಲ ಕೆಂಡದಿಂದ ಕಣ್ಣುರಿಸುವ ಹೊಗೆ ಬಾರದು. ಆದುದರಿಂದಲೇ ಅದು ಹೆಚ್ಚು ಮೋಸದ್ದು: ಹೊಗೆ ಕಾಣುವುದಿಲ್ಲ, ಅನಿಲ ಮಾತ್ರ ಕೋಣೆ ತುಂಬುತ್ತದೆ.

ಎರಡನೆಯ ಮೂಲ ನಮ್ಮ ದೇಹವೇ. ಮನುಷ್ಯನ ದೇಹ ತಾನೇ ಕಾರ್ಬನ್ ಮೊನಾಕ್ಸೈಡನ್ನು ಉತ್ಪಾದಿಸುತ್ತದೆ ಎಂಬುದನ್ನು ಸ್ವೀಡನ್ ದೇಶದ ಟೋರ್ಗ್ನಿ ಶೋಸ್ಟ್ರಾಂಡ್ ಎಂಬವರು 1950ರ ಆಸುಪಾಸಿನಲ್ಲಿ ತೋರಿಸಿಕೊಟ್ಟರು. ಅದು ಹೇಗೆ ನಡೆಯುತ್ತದೆ ಎಂಬ ಗುಟ್ಟು 1968ರಲ್ಲಿ ಟೆನ್‌ಹುನೆನ್, ಮಾರ್ವರ್ ಮತ್ತು ಸ್ಮಿಡ್ ಎಂಬ ಮೂವರು ವಿಜ್ಞಾನಿಗಳಿಂದ ಬಯಲಾಯಿತು. ಆಯಸ್ಸು ಮುಗಿದ ಕೆಂಪು ಕಣ ಒಡೆದಾಗ ಅದರೊಳಗಿನ ಹೀಮ್ ಎಂಬ ಭಾಗವನ್ನು ಒಂದು ಕಿಣ್ವ ಕತ್ತರಿಸುತ್ತದೆ. ಆಗ ಹೊರಬರುವುದು ಕಬ್ಬಿಣ, ಬಿಲಿರುಬಿನ್ ಆಗಿ ಮಾರ್ಪಡುವ ಹಸಿರು ವಸ್ತು ಮತ್ತು ಕಾರ್ಬನ್ ಮೊನಾಕ್ಸೈಡ್. ಒಂದು ಹೀಮ್ ಒಡೆದರೆ ಒಂದು ಬಿಲಿರುಬಿನ್, ಒಂದು ಕಾರ್ಬನ್ ಮೊನಾಕ್ಸೈಡ್. ಲೆಕ್ಕ ಅಷ್ಟು ನೇರ.

ಈ ಬಿಲಿರುಬಿನ್ನೇ ಮಗುವಿನ ಮೈಯನ್ನು ಹಳದಿ ಮಾಡುವ ಕಾಮಾಲೆಯ ವಸ್ತು. ದೊಡ್ಡವರ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಹಸುಗೂಸಿನದ್ದು ಅದಕ್ಕಿಂತ ಬೇಗ, ಸುಮಾರು 60ರಿಂದ 90 ದಿನಗಳಲ್ಲಿ, ಒಡೆಯುತ್ತದೆ. ಅದನ್ನು ಹೊರಹಾಕಬೇಕಾದ ಯಕೃತ್ತು ಇನ್ನೂ ಎಳೆಯದು. ಅದರಿಂದಲೇ ಹೆಚ್ಚಿನ ಕೂಸುಗಳಿಗೆ ಮೊದಲ ವಾರದಲ್ಲಿ ಸ್ವಲ್ಪ ಹಳದಿ ಬಂದು ತಾನಾಗಿ ಹೋಗುತ್ತದೆ. ಆದರೆ ತಾಯಿಯದ್ದು ಓ ಗುಂಪು, ಮಗುವಿನದ್ದು ಎ ಅಥವಾ ಬಿ ಗುಂಪಾದಾಗ, ತಾಯಿ ಆರ್‌ಎಚ್ ನೆಗೆಟಿವ್ ಆಗಿ ಮಗು ಪಾಸಿಟಿವ್ ಆದಾಗ, ಅಥವಾ ಮಗುವಿಗೆ ಜಿ6ಪಿಡಿ ಎಂಬ ಕಿಣ್ವದ ಕೊರತೆ ಇದ್ದಾಗ ಕೆಂಪು ಕಣಗಳು ವೇಗವಾಗಿ ಒಡೆಯಬಹುದು. ಬಿಲಿರುಬಿನ್ ಮಿತಿಮೀರಿ ಮೆದುಳನ್ನು ಸೇರಿದರೆ ಕಿವುಡುತನ, ಕೈಕಾಲುಗಳ ಹತೋಟಿ ತಪ್ಪುವುದು ಮುಂತಾದ ಜೀವನಪರ್ಯಂತದ ಹಾನಿ ಆದೀತು.

ಇಲ್ಲಿ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಬಿಲಿರುಬಿನ್ ಪರೀಕ್ಷೆ ತೊಟ್ಟಿಯಲ್ಲಿ ಈಗ ಎಷ್ಟು ನೀರಿದೆ ಎಂದು ಹೇಳುತ್ತದೆ. ಕಾರ್ಬಾಕ್ಸಿಹಿಮೋಗ್ಲೋಬಿನ್, ನಲ್ಲಿ ಎಷ್ಟು ಜೋರಾಗಿ ಸುರಿಯುತ್ತಿದೆ ಎಂದು ಹೇಳುತ್ತದೆ. ತೊಟ್ಟಿ ತುಂಬಿ ಹರಿಯುವ ಮೊದಲೇ ಎಚ್ಚರಿಸಬಲ್ಲ ಅಂಕೆ ಇದು. ಮಕ್ಕಳ ವೈದ್ಯರು ಇದರ ಬೆನ್ನು ಹತ್ತಿದ್ದು ಈ ಕಾರಣಕ್ಕೆ.

ಕೂಸಿನ ರಕ್ತ ದೊಡ್ಡವರ ರಕ್ತವಲ್ಲ

ಗರ್ಭದಲ್ಲಿರುವ ಶಿಶು ತಾಯಿಯ ರಕ್ತದಿಂದ ಆಮ್ಲಜನಕವನ್ನು ಸೆಳೆದುಕೊಳ್ಳಬೇಕು. ಅದಕ್ಕಾಗಿ ಅದಕ್ಕೆ ಬೇರೆಯೇ ಬಗೆಯ ಹಿಮೋಗ್ಲೋಬಿನ್ ಇದೆ. ಇದನ್ನು ಭ್ರೂಣದ ಹಿಮೋಗ್ಲೋಬಿನ್ ಎನ್ನುತ್ತಾರೆ. ತಿಂಗಳು ತುಂಬಿ ಹುಟ್ಟಿದ ಮಗುವಿನ ರಕ್ತದಲ್ಲಿ ಬಹುಪಾಲು, ಸುಮಾರು ಶೇಕಡಾ 60ರಿಂದ 80, ಇದೇ ಇರುತ್ತದೆ. ವರ್ಷ ತುಂಬುವುದರೊಳಗೆ ದೊಡ್ಡವರ ಹಿಮೋಗ್ಲೋಬಿನ್ ಅದರ ಜಾಗಕ್ಕೆ ಬರುತ್ತದೆ.

ಆಸ್ಪತ್ರೆಗಳಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಅಳೆಯುವ ಯಂತ್ರಕ್ಕೆ ಕೋ-ಆಕ್ಸಿಮೀಟರ್ ಎಂದು ಹೆಸರು. ಅದು ಕೆಂಪು ಕಣಗಳನ್ನು ಒಡೆದು, ಆ ರಕ್ತದ ಮೂಲಕ ಬೇರೆಬೇರೆ ಬಣ್ಣದ ಬೆಳಕನ್ನು ಹಾಯಿಸುತ್ತದೆ. ಆಮ್ಲಜನಕ ಹೊತ್ತ ಹಿಮೋಗ್ಲೋಬಿನ್ ಒಂದು ರೀತಿಯಲ್ಲಿ ಬೆಳಕನ್ನು ಹೀರಿದರೆ, ಕಾರ್ಬನ್ ಮೊನಾಕ್ಸೈಡ್ ಹೊತ್ತದ್ದು ಇನ್ನೊಂದು ರೀತಿಯಲ್ಲಿ ಹೀರುತ್ತದೆ. ಯಾವ ಬಣ್ಣ ಎಷ್ಟು ಉಳಿಯಿತು ಎಂದು ನೋಡಿ ಯಂತ್ರ ಲೆಕ್ಕ ಹಾಕುತ್ತದೆ. ಆ ಲೆಕ್ಕದ ಕೋಷ್ಟಕ ತಯಾರಾದದ್ದು ದೊಡ್ಡವರ ರಕ್ತದಿಂದ.

ತೊಡಕು ಇರುವುದು ಇಲ್ಲಿಯೇ. ಆಮ್ಲಜನಕ ಹೊತ್ತ ಭ್ರೂಣದ ಹಿಮೋಗ್ಲೋಬಿನ್ ಬೆಳಕನ್ನು ಹೀರುವ ರೀತಿ ದೊಡ್ಡವರದ್ದಕ್ಕಿಂತ ಕೂದಲೆಳೆಯಷ್ಟು ಬೇರೆ. ದೊಡ್ಡವರ ಕೋಷ್ಟಕವನ್ನಷ್ಟೇ ಬಲ್ಲ ಯಂತ್ರ ಆ ಸಣ್ಣ ವ್ಯತ್ಯಾಸವನ್ನು ಕಾರ್ಬನ್ ಮೊನಾಕ್ಸೈಡ್ ಎಂದು ತಪ್ಪಾಗಿ ಓದುತ್ತದೆ. ಇನ್ನೂ ವಿಚಿತ್ರವೆಂದರೆ, ರಕ್ತದಲ್ಲಿ ಆಮ್ಲಜನಕ ಹೆಚ್ಚಿದ್ದಷ್ಟೂ ಈ ತಪ್ಪು ಹೆಚ್ಚು. ಅಂದರೆ ಚೆನ್ನಾಗಿ ಉಸಿರಾಡುತ್ತಿರುವ, ಗುಲಾಬಿ ಬಣ್ಣದ ಕೂಸಿನ ರಕ್ತದಲ್ಲಿಯೇ ಇಲ್ಲದ ವಿಷ ಕಾಣಿಸಬಹುದು.

ನಾಲ್ಕಾರು ಬಣ್ಣಗಳ ಬೆಳಕನ್ನಷ್ಟೇ ಬಳಸುತ್ತಿದ್ದ ಹಿಂದಿನ ಯಂತ್ರಗಳಲ್ಲಿ ಈ ತಪ್ಪು ಎದ್ದು ಕಾಣುತ್ತಿತ್ತು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಹೆಂಡ್ರಿಕ್ ವ್ರೆಮನ್, ಡೇವಿಡ್ ಸ್ಟೀವನ್ಸನ್ ಮತ್ತು ಸಂಗಡಿಗರು 1980 ಹಾಗೂ 1990ರ ದಶಕಗಳಲ್ಲಿ ಇದನ್ನು ಕೂಲಂಕಷವಾಗಿ ಅಭ್ಯಸಿಸಿದರು. ಭ್ರೂಣದ ಹಿಮೋಗ್ಲೋಬಿನ್ ಯಾವ ಯಂತ್ರವನ್ನು ದಾರಿ ತಪ್ಪಿಸುತ್ತದೆ, ಯಾವುದನ್ನು ತಪ್ಪಿಸುವುದಿಲ್ಲ ಎಂದು ಒಂದೊಂದಾಗಿ ಒರೆಗೆ ಹಚ್ಚಿ ನೋಡಿದರು.

ಮೂರು ಅಂಶದ ತಪ್ಪು ದೊಡ್ಡ ವಿಷಯವೇ ಎಂದು ಕೇಳಬಹುದು. ಬೆಂಕಿ ಅವಘಡದಿಂದ ಬಂದ ದೊಡ್ಡವರೊಬ್ಬರ ವರದಿಯಲ್ಲಿ ಶೇಕಡಾ 25ರ ಬದಲು 28 ಎಂದು ಬಂದರೆ ಚಿಕಿತ್ಸೆಯೇನೂ ಬದಲಾಗದು. ಆದರೆ ಹಸುಗೂಸಿನಲ್ಲಿ ಸಹಜ ಸ್ಥಿತಿಗೂ ರಕ್ತ ಒಡೆಯುತ್ತಿರುವ ಸ್ಥಿತಿಗೂ ನಡುವಿನ ಅಂತರವೇ ಒಂದೆರಡು ಅಂಶ. ಅಕ್ಕಿ ಮೂಟೆ ತೂಗುವ ತಕ್ಕಡಿಯಲ್ಲಿ ಚಿನ್ನ ತೂಗಿದ ಹಾಗಾಗುತ್ತದೆ.

ಸರಿಯಾಗಿ ಅಳೆಯುವುದು ಹೇಗೆ?

ಅತ್ಯಂತ ನಂಬಲರ್ಹವಾದ ವಿಧಾನ ಬೆಳಕನ್ನು ಅವಲಂಬಿಸದೆ ಅನಿಲವನ್ನೇ ಹೊರತೆಗೆದು ಅಳೆಯುವುದು. ಇದಕ್ಕೆ ಗ್ಯಾಸ್ ಕ್ರೊಮಟೋಗ್ರಫಿ ಎನ್ನುತ್ತಾರೆ. ರಕ್ತದ ಒಂದು ಸಣ್ಣ ಹನಿಯನ್ನು ಬಿಗಿಯಾಗಿ ಮುಚ್ಚಿದ ಪುಟ್ಟ ಸೀಸೆಗೆ ಹಾಕಿ, ಪೊಟ್ಯಾಸಿಯಂ ಫೆರಿಸಯನೈಡ್ ಎಂಬ ರಾಸಾಯನಿಕವನ್ನು ಸೇರಿಸಿದಾಗ ಹಿಮೋಗ್ಲೋಬಿನ್ ತನ್ನ ಹಿಡಿತ ಸಡಿಲಿಸಿ ಕಾರ್ಬನ್ ಮೊನಾಕ್ಸೈಡನ್ನು ಬಿಟ್ಟುಕೊಡುತ್ತದೆ. ಸೀಸೆಯಲ್ಲಿ ಸೇರಿದ ಅನಿಲವನ್ನು ಒಂದು ಕೊಳವೆಯ ಮೂಲಕ ಹಾಯಿಸಿ ಬೇರೆ ಅನಿಲಗಳಿಂದ ಪ್ರತ್ಯೇಕಿಸುತ್ತಾರೆ. ಕೊನೆಗೆ ಅದು ಬಿಸಿಯಾದ ಪಾದರಸದ ಆಕ್ಸೈಡ್ ಮೇಲೆ ಹಾದಾಗ ಪಾದರಸದ ಆವಿ ಹುಟ್ಟುತ್ತದೆ. ಆ ಆವಿಯನ್ನು ಅಳೆದು ಅನಿಲದ ಪ್ರಮಾಣ ತಿಳಿಯುತ್ತಾರೆ. ಹಿಮೋಗ್ಲೋಬಿನ್ ಯಾವ ಬಗೆಯದ್ದಾದರೂ ಈ ವಿಧಾನಕ್ಕೆ ವ್ಯತ್ಯಾಸವಿಲ್ಲ. ಸ್ಟ್ಯಾನ್‌ಫರ್ಡಿನ ತಂಡ ಇತರ ಯಂತ್ರಗಳನ್ನು ಒರೆಗೆ ಹಚ್ಚಿದ್ದು ಇದರಿಂದಲೇ. ಆದರೆ ಇದು ಸಂಶೋಧನಾಲಯದ ಕೆಲಸ. ಎಲ್ಲ ಆಸ್ಪತ್ರೆಗಳಲ್ಲಿ ಸಿಗುವಂಥದ್ದಲ್ಲ.

ಎರಡನೆಯದು ಈಗಿನ ಕೋ-ಆಕ್ಸಿಮೀಟರ್‌ಗಳು. ಇವುಗಳಲ್ಲಿ ಕೆಲವು ನೂರಕ್ಕೂ ಹೆಚ್ಚು ತರಂಗಾಂತರಗಳ ಬೆಳಕನ್ನು ಬಳಸುತ್ತವೆ, ಭ್ರೂಣದ ಹಿಮೋಗ್ಲೋಬಿನ್ ಇರುವುದನ್ನು ಗುರುತಿಸಿ ಲೆಕ್ಕವನ್ನು ಸರಿಪಡಿಸುತ್ತವೆ. ಕೆಲವು ಯಂತ್ರಗಳಲ್ಲಿ ಆ ಸರಿಪಡಿಕೆಯನ್ನು ಚಾಲೂ ಮಾಡಿಡಬೇಕು. ಕೆ.ಬಿ. ಬಡಾವಣೆಯ ಕೂಸಿನ ಮೊದಲ ವರದಿಯಲ್ಲಿ ಆಗಿದ್ದು ಇದೇ: ಯಂತ್ರ ಹೊಸದು, ಆದರೆ ಸರಿಪಡಿಕೆ ಚಾಲೂ ಇರಲಿಲ್ಲ.

ಮೂರನೆಯದು ರಕ್ತವನ್ನೇ ತೆಗೆಯದೆ, ಮೂಗಿನ ಬಳಿ ಸಣ್ಣ ನಳಿಕೆ ಇಟ್ಟು ಮಗು ಹೊರಬಿಡುವ ಉಸಿರಿನಲ್ಲಿ ಕಾರ್ಬನ್ ಮೊನಾಕ್ಸೈಡ್ ಅಳೆಯುವುದು. ಇಲ್ಲಿ ಕೋಣೆಯ ಗಾಳಿಯಲ್ಲಿ ಎಷ್ಟಿದೆ ಎಂಬುದನ್ನೂ ಅಳೆದು ಕಳೆಯಬೇಕು. ಇಲ್ಲವಾದರೆ ಬೀದಿಯ ವಾಹನಗಳ ಹೊಗೆಯೂ ಮಗುವಿನ ಲೆಕ್ಕಕ್ಕೆ ಸೇರಿಬಿಡುತ್ತದೆ.

ಯಂತ್ರ ಯಾವುದಾದರೂ ರಕ್ತ ತೆಗೆಯುವವರ ಎಚ್ಚರವೂ ಬೇಕು. 3 ಕಿಲೋ ತೂಕದ ಮಗುವಿನ ಮೈಯಲ್ಲಿರುವ ಒಟ್ಟು ರಕ್ತ ಕಾಲು ಲೀಟರಿನಷ್ಟು ಮಾತ್ರ. ಆದುದರಿಂದ ಹಿಮ್ಮಡಿಯಿಂದ ಕೆಲವೇ ಹನಿ ತೆಗೆಯುತ್ತಾರೆ. ಆ ರಕ್ತ ಹೆಪ್ಪುಗಟ್ಟಬಾರದು, ಚೆನ್ನಾಗಿ ಬೆರೆತಿರಬೇಕು, ಮುಚ್ಚಿರಬೇಕು. ಯಾವ ಹೊತ್ತಿಗೆ ತೆಗೆದರು, ಆಗ ಮಗುವಿಗೆ ಆಮ್ಲಜನಕ ಕೊಡುತ್ತಿದ್ದರೇ ಎಂದು ಬರೆದಿಡಬೇಕು. ದೊಡ್ಡವರಲ್ಲಿ ಸಾಮಾನ್ಯ ಗಾಳಿಯಲ್ಲಿ ಕಾರ್ಬಾಕ್ಸಿಹಿಮೋಗ್ಲೋಬಿನ್ ಅರ್ಧಕ್ಕೆ ಇಳಿಯಲು ನಾಲ್ಕೈದು ಗಂಟೆ ಬೇಕಾದರೆ, ಶುದ್ಧ ಆಮ್ಲಜನಕ ಕೊಟ್ಟಾಗ ಸುಮಾರು ಒಂದು, ಒಂದೂವರೆ ಗಂಟೆ ಸಾಕು. ಹೊತ್ತು ಗೊತ್ತಿಲ್ಲದ ಅಂಕೆಗೆ ಅರ್ಥವಿಲ್ಲ. ಮಗುವಿಗೆ ರಕ್ತ ಕೊಟ್ಟಿದ್ದರೆ ಅದನ್ನೂ ತಿಳಿಸಬೇಕು. ದಾನಿಯ ರಕ್ತ ದೊಡ್ಡವರದ್ದು. ದಾನಿ ಸಿಗರೇಟು ಸೇದುವವರಾಗಿದ್ದರೆ ಅವರ ಹೊಗೆಯೂ ಆ ಚೀಲದಲ್ಲಿ ಬಂದಿರುತ್ತದೆ. ರಕ್ತದಾನ ಶಿಬಿರ ಏರ್ಪಡಿಸುವ ನಮ್ಮ ಯುವಜನರು ಇದನ್ನು ನೆನಪಿಡಲಿ.

ಕಾಲಿಗೆ ಹಾಕುವ ಕ್ಲಿಪ್ಪನ್ನು ನಂಬಿ ಕೂರಬೇಡಿ

ಕೋವಿಡ್ ಕಾಲದಲ್ಲಿ ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮನೆಮನೆಗೆ ಬಂತು. ಮಗುವಿನ ಕಾಲಿಗೂ ಅಂತಹದ್ದನ್ನೇ ಕಟ್ಟುತ್ತಾರೆ. ಸಾಮಾನ್ಯ ಪಲ್ಸ್ ಆಕ್ಸಿಮೀಟರ್ ಎರಡೇ ಬಣ್ಣದ ಬೆಳಕು ಬಳಸುತ್ತದೆ. ಅದಕ್ಕೆ ಆಮ್ಲಜನಕ ಹೊತ್ತ ರಕ್ತವೂ ಕಾರ್ಬನ್ ಮೊನಾಕ್ಸೈಡ್ ಹೊತ್ತ ರಕ್ತವೂ ಹೆಚ್ಚುಕಡಿಮೆ ಒಂದೇ ಕೆಂಪು. ಹೊಗೆಯಲ್ಲಿ ಸಿಕ್ಕಿಬಿದ್ದ ವ್ಯಕ್ತಿಯಲ್ಲೂ ಅದು 98 ಎಂದು ತೋರಿಸಬಹುದು. ಆದುದರಿಂದ ಮುಚ್ಚಿದ ಕೋಣೆಯಲ್ಲಿ ಕೆಂಡ ಅಥವಾ ಗ್ಯಾಸ್ ಉರಿದು ಮಗು ಮಂಕಾಗಿದ್ದರೆ, ಹಾಲು ಕುಡಿಯದಿದ್ದರೆ, ಕ್ಲಿಪ್ಪಿನ ಅಂಕೆ ನೋಡಿ ಸಮಾಧಾನಪಡದೆ ಮೊದಲು ಹೊರಗಿನ ಗಾಳಿಗೆ ತಂದು ಆಸ್ಪತ್ರೆಗೆ ಒಯ್ಯಬೇಕು. ಹೊಗೆಯ ವಿಷಯವನ್ನು ವೈದ್ಯರಿಗೆ ಮುಚ್ಚಿಡದೆ ಹೇಳಬೇಕು.

ಸರಿಯಾದ ಅಂಕೆ ಬಂದ ಮೇಲೆ

ಮತ್ತೆ ಕೆ.ಬಿ. ಬಡಾವಣೆಯ ಕೂಸಿಗೆ ಬರೋಣ. ಸರಿಯಾದ ಅಂಕೆ ಶೇಕಡಾ 1.9. ಅದು 4.6ರಷ್ಟು ಭಯಪಡಿಸುವುದಲ್ಲ, ಆದರೆ ಸಹಜಕ್ಕಿಂತ ಹೆಚ್ಚು. ಇದು ಕೆಂಡದ್ದೇ, ಕೂಸಿನ ಒಳಗಿನದ್ದೇ? ವೈದ್ಯೆ ಎರಡು ಕೆಲಸ ಮಾಡಿದರು. ತಾಯಿ, ಮಗುವಿನ ರಕ್ತದ ಗುಂಪು ನೋಡಿಸಿದರು: ತಾಯಿ ಓ, ಮಗು ಬಿ. ತಾಯಿಯ ಪ್ರತಿಕಾಯಗಳು ಮಗುವಿನ ಕಣಗಳಿಗೆ ಅಂಟಿವೆಯೇ ಎಂದು ನೋಡುವ ಕೂಂಬ್ಸ್ ಪರೀಕ್ಷೆ ಪಾಸಿಟಿವ್ ಬಂತು. ಮರುದಿನ, ಕೂಸು ಇಡೀ ದಿನ ಆಸ್ಪತ್ರೆಯ ಗಾಳಿಯಲ್ಲಿದ್ದ ಮೇಲೆ, ಇನ್ನೊಮ್ಮೆ ಅಳೆಸಿದರು. 1.8. ಹೊರಗಿನ ಹೊಗೆಯಾಗಿದ್ದರೆ ಅಷ್ಟು ಹೊತ್ತಿಗೆ ಇಳಿದುಹೋಗಬೇಕಿತ್ತು. ಇಳಿಯಲಿಲ್ಲ ಎಂದರೆ ಒಳಗೆ ಹೊಸದಾಗಿ ಹುಟ್ಟುತ್ತಿದೆ, ಕಣಗಳು ಒಡೆಯುತ್ತಿವೆ ಎಂದರ್ಥ.

ಕೂಸನ್ನು ನೀಲಿ ಬೆಳಕಿನ ಕೆಳಗೆ ಮಲಗಿಸಿದರು. ಬಿಲಿರುಬಿನ್ ಇಳಿಯಿತು, ರಕ್ತ ಬದಲಿಸುವ ಪ್ರಮೇಯ ಬರಲಿಲ್ಲ. 4.6ನ್ನೇ ನಂಬಿದ್ದರೆ ಎಲ್ಲರ ಗಮನ ಕೆಂಡದ ಮೇಲೆಯೇ ಇರುತ್ತಿತ್ತು. ರಕ್ತದ ಗುಂಪಿನ ಕಡೆಗೆ ಹೋಗಲು ಹೊತ್ತಾಗುತ್ತಿತ್ತು. ತಪ್ಪು ಅಂಕೆ ಅಜ್ಜಿಗೆ ಅನ್ಯಾಯ ಮಾಡಿದ್ದಲ್ಲದೆ ಮಗುವಿನ ನಿಜವಾದ ತೊಂದರೆಯನ್ನೂ ಮರೆಮಾಡಬಹುದಿತ್ತು.

ಒಂದು ಮಾತು ಸ್ಪಷ್ಟವಿರಲಿ. ಕಾಮಾಲೆ ಬಂದ ಎಲ್ಲ ಮಕ್ಕಳಿಗೂ ಈ ಪರೀಕ್ಷೆ ಬೇಕಿಲ್ಲ. ಬಿಲಿರುಬಿನ್, ರಕ್ತದ ಗುಂಪು, ಕೂಂಬ್ಸ್, ಹಿಮೋಗ್ಲೋಬಿನ್ ಪರೀಕ್ಷೆಗಳಿಂದಲೇ ಹೆಚ್ಚಿನ ಕಡೆ ಚಿಕಿತ್ಸೆ ಸರಿಯಾಗಿ ನಡೆಯುತ್ತದೆ. ಆದರೆ ವರದಿಯಲ್ಲಿ ಈ ಸಾಲು ಕಂಡರೆ ಹೆದರುವ ಮೊದಲು, ದೂರುವ ಮೊದಲು, ವೈದ್ಯರನ್ನು ವಿನಯದಿಂದ ಕೇಳಿ: "ಇದು ಕೂಸಿನ ರಕ್ತಕ್ಕೆ ಸರಿಪಡಿಸಿದ ಲೆಕ್ಕವೇ?"

ಹಾಗಾದರೆ ಕೆಂಡ ಇಡಬಹುದೇ?

ಖಂಡಿತ ಇಡಬಾರದು. ಈ ಕೂಸಿನ ವಿಷಯದಲ್ಲಿ ಕೆಂಡ ತಪ್ಪಿಸಿಕೊಂಡಿತು ಎಂದ ಮಾತ್ರಕ್ಕೆ ಅದು ನಿರಪರಾಧಿಯಲ್ಲ. ಬಾಗಿಲು ಕಿಟಕಿ ಮುಚ್ಚಿ ಇದ್ದಿಲು ಉರಿಸಿ ಮಲಗಿದವರು ಬೆಳಿಗ್ಗೆ ಏಳದ ಸುದ್ದಿ ಚಳಿಗಾಲದಲ್ಲಿ ಪತ್ರಿಕೆಗಳಲ್ಲಿ ಬರುತ್ತಲೇ ಇರುತ್ತದೆ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿಟ್ಟು ಸ್ನಾನಕ್ಕೆ ಹೋದವರು ಪ್ರಾಣ ಕಳೆದುಕೊಂಡದ್ದೂ ನಮ್ಮ ರಾಜ್ಯದಲ್ಲಿ ಹಲವು ಬಾರಿ ಆಗಿದೆ. ಬಾಣಂತಿ ಸ್ನಾನ ದೀರ್ಘ ಹೊತ್ತಿನದ್ದು. ಗೀಸರ್ ಬಚ್ಚಲಿನ ಹೊರಗೆ ಇರಲಿ.

ಹೊಗೆ ಹೆರಿಗೆಗೆ ಮೊದಲೇ ಮಗುವನ್ನು ತಲುಪುತ್ತದೆ ಎಂಬುದನ್ನೂ ಮರೆಯಲಾಗದು. ತಾಯಿ ಉಸಿರಾಡಿದ ಕಾರ್ಬನ್ ಮೊನಾಕ್ಸೈಡ್ ಮಾಸುವಿನ ಮೂಲಕ ಗರ್ಭದ ಶಿಶುವಿಗೆ ಹೋಗುತ್ತದೆ, ತಾಯಿಗಿಂತ ಮಗುವಿನ ರಕ್ತದಲ್ಲಿ ಸ್ವಲ್ಪ ಹೆಚ್ಚೇ ಸೇರುತ್ತದೆ, ಹೊರಹೋಗಲು ಹೆಚ್ಚು ಹೊತ್ತು ಹಿಡಿಯುತ್ತದೆ. ದಾವಣಗೆರೆ ಎಂದೊಡನೆ ನೆನಪಾಗುವ ಮಂಡಕ್ಕಿಯ ಹಿಂದೆ ಹೊಗೆ ತುಂಬಿದ ಭಟ್ಟಿಗಳಿವೆ. ಅಲ್ಲಿ ಗಂಡು ಹೆಣ್ಣೆನ್ನದೆ ಕುಟುಂಬಗಳೇ ಒಲೆಯ ಮುಂದೆ ದುಡಿಯುತ್ತವೆ. ನಮ್ಮ ಕರಾವಳಿಯಲ್ಲೂ ಮಳೆಗಾಲದ ಹಸಿ ಸೌದೆಯ ಒಲೆ, ಬಚ್ಚಲಿನ ಹಂಡೆಯ ಉರಿ ಇನ್ನೂ ಅನೇಕ ಮನೆಗಳಲ್ಲಿದೆ. 2016ರಲ್ಲಿ ಆರಂಭವಾದ ಉಜ್ವಲಾ ಯೋಜನೆಯಿಂದ ಬಡವರ ಮನೆಗೂ ಗ್ಯಾಸ್ ಬಂದಿದೆಯಾದರೂ ಸಿಲಿಂಡರ್ ಉಳಿಸಲೆಂದು ಒಲೆಗೇ ಮರಳುವವರಿದ್ದಾರೆ. ಗರ್ಭಿಣಿಯನ್ನು ಕನಿಷ್ಠ ಆ ಒಲೆಯ ಮುಂದಿನಿಂದ ಎಬ್ಬಿಸಬೇಕು. ಬೀಡಿ, ಸಿಗರೇಟು ಸೇದುವ ಗಂಡಸರು ಅಂಗಳ ದಾಟಿ ಸೇದಿದರೆ ಸಾಲದು, ಬಿಡುವುದೇ ಮೇಲು.

ಧರ್ಮಕೇಂದ್ರಗಳ ಕಾರ್ಯಕರ್ತರಿಗೆ ನಾಲ್ಕು ಮಾತು

1. ಹುಟ್ಟಿದ 24 ಗಂಟೆಯೊಳಗೆ ಹಳದಿ ಕಂಡರೆ, ಅಂಗೈ ಅಂಗಾಲು ಹಳದಿಯಾದರೆ, ಮಗು ಹಾಲು ಬಿಟ್ಟರೆ, ಏಳಿಸಿದರೂ ಏಳದಿದ್ದರೆ ತಡಮಾಡದೆ ಆಸ್ಪತ್ರೆಗೆ ಕಳುಹಿಸಿ. ಎಳೆಬಿಸಿಲಿಗೆ ಹಿಡಿದು ಕಾಯುವುದು ಇಂತಹ ಮಗುವಿಗೆ ಚಿಕಿತ್ಸೆಯಲ್ಲ.

2. ಗರ್ಭಿಣಿಯ ರಕ್ತದ ಗುಂಪು ತಾಯಿ ಕಾರ್ಡಿನಲ್ಲಿ ಬರೆದಿದೆಯೇ ನೋಡಿ. ಓ ಗುಂಪು ಅಥವಾ ಆರ್‌ಎಚ್ ನೆಗೆಟಿವ್ ಆಗಿದ್ದರೆ ಮಗುವಿನ ಮೇಲೆ ಮೊದಲ ವಾರ ವಿಶೇಷ ಗಮನವಿರಲಿ. ಆಸ್ಪತ್ರೆಯಲ್ಲಿ ಹೆರಿಗೆಯಾದವರ ಮನೆಗೆ ಆಶಾ ಕಾರ್ಯಕರ್ತೆ 3, 7, 14, 21, 28 ಮತ್ತು 42ನೇ ದಿನ ಬರಬೇಕು, ಬಂದಿಲ್ಲವಾದರೆ ವಿಚಾರಿಸಿ.

3. ಕೂಸಿನ ಬಟ್ಟೆ, ಕಂಬಳಿಗಳ ನಡುವೆ ನ್ಯಾಫ್ತಲೀನ್ ಗುಳಿಗೆ ಇಡಬೇಡಿ. ನಮ್ಮಲ್ಲಿ ಹಲವರು ಡಾಂಬರು ಗುಳಿಗೆ ಎನ್ನುವುದು ಇದನ್ನೇ. ಜಿ6ಪಿಡಿ ಕೊರತೆ ಇರುವ ಮಗುವಿನ ಕೆಂಪು ಕಣಗಳನ್ನು ಅದರ ಆವಿಯೇ ಒಡೆದೀತು.

4. ಹಣದ ಚಿಂತೆಯಿಂದ ಹಿಂಜರಿಯುವವರಿಗೆ ತಿಳಿಸಿ: 2011ರಲ್ಲಿ ಆರಂಭವಾದ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಡಿ ಸರ್ಕಾರಿ ಆಸ್ಪತ್ರೆಗಳಲ್ಲಿ ಕಾಯಿಲೆಯ ನವಜಾತ ಶಿಶುವಿಗೆ ಪರೀಕ್ಷೆ, ಔಷಧಿ, ರಕ್ತ, ಸಾಗಾಟ ಉಚಿತ. 108ಕ್ಕೆ ಕರೆಮಾಡಬಹುದು.

ಕೊನೆಗೆ ಅಜ್ಜಿಯ ಪ್ರಶ್ನೆ ಉಳಿಯಿತು: ಕೆಂಡ ಬೇಡವಾದರೆ ಕೂಸನ್ನು ಬೆಚ್ಚಗಿಡುವುದು ಹೇಗೆ? ಅದಕ್ಕೆ ಉತ್ತರ ನಮ್ಮ ನಾಡಿನಲ್ಲಿಯೇ ಇದೆ. ಕೊಪ್ಪಳ ಜಿಲ್ಲೆಯಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆ ಸರ್ಕಾರದೊಡನೆ ಸೇರಿ ಕಡಿಮೆ ತೂಕದ ಮಕ್ಕಳಿಗೆ ಕಾಂಗರೂ ಆರೈಕೆಯನ್ನು ಹಳ್ಳಿಹಳ್ಳಿಗೆ ತಲುಪಿಸುವ ಕೆಲಸ ಮಾಡಿದೆ. ಟೊಪ್ಪಿ, ಕಾಲುಚೀಲ, ಲಂಗೋಟಿ ಮಾತ್ರ ಹಾಕಿದ ಮಗುವನ್ನು ಎದೆಗೆ ಎದೆ ತಾಗುವಂತೆ ಇಟ್ಟುಕೊಂಡು ಮೇಲೆ ಬಟ್ಟೆ ಸುತ್ತುವುದೇ ಆ ಆರೈಕೆ. ತಾಯಿಯೇ ಆಗಬೇಕೆಂದಿಲ್ಲ, ತಂದೆ, ಅಜ್ಜಿಯೂ ಮಾಡಬಹುದು. ತೂಕ ಸರಿಯಿರುವ ಮಕ್ಕಳಿಗೂ ಈ ಬೆಚ್ಚಗೆ ಒಳ್ಳೆಯದೇ.

ವೈದ್ಯೆ ಅಳಿಯನನ್ನು ಕರೆದು ಎರಡೂ ವರದಿಗಳನ್ನು ಮುಂದಿಟ್ಟು ವಿವರಿಸಿದರು. ಆತ ಹೆಚ್ಚು ಮಾತನಾಡಲಿಲ್ಲ. ಸಂಜೆ ಕೆ.ಬಿ. ಬಡಾವಣೆಗೆ ಹೋಗಿ ಅತ್ತೆಯನ್ನು ತನ್ನ ಸ್ಕೂಟರಿನಲ್ಲಿ ಆಸ್ಪತ್ರೆಗೆ ಕರೆತಂದ. ಕೂಸು ಮನೆಗೆ ಬಂದ ದಿನ ಅಗ್ಗಿಷ್ಟಿಕೆ ಹಿತ್ತಿಲಿನಲ್ಲಿತ್ತು. ಅದನ್ನು ಅಲ್ಲಿಗೆ ಸಾಗಿಸಿದವರು ಅಜ್ಜಿಯೇ ಎಂದು ಮಗಳು ನಮಗೆ ಫೋನಿನಲ್ಲಿ ಹೇಳಿದಳು. ಕೂಸು ಎಲ್ಲಿ ಎಂದು ಕೇಳಿದೆವು. "ಅವ್ವನ ಎದೆ ಮ್ಯಾಲೆ ಮಲಗೈತಿ ಫಾದರ್," ಎಂದಳು.